ನಾವೇ ನಿಂತು ಮನೆ ಕಟ್ಟಿಸುವುದು: ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ 30×40 ನಿವೇಶನ ಇಟ್ಟುಕೊಂಡು ಮನೆಗೆ ಕೈ ಹಾಕುವವರು ಮೊದಲು ಕೇಳುವುದು ಒಂದೇ ಮಾತು: ಕಾಂಟ್ರಾಕ್ಟರ್‌ಗೆ ಕೊಡೋದಾ, ನಾವೇ ನಿಂತು ಮಾಡಿಸೋದಾ? ನಾವೇ ನಿಲ್ಲುತ್ತೇವೆ ಅನ್ನುವವರಿಗಾಗಿ ಈ ಪುಟ. ಇಲ್ಲಿರುವುದು ಎಂಜಿನಿಯರ್ ಬರೆದ ಪಾಠವಲ್ಲ. ಸಾಮಾನು ತರಿಸಿ, ಬಟವಾಡೆ ಕೊಟ್ಟು, ಬೆಳಿಗ್ಗೆ ಸಂಜೆ ಸೈಟಿನಲ್ಲಿ ನಿಂತವರ ಕಡೆಯಿಂದ ಬಂದ ಮಾತು.

ನಾವೇ ನಿಂತು ಕಟ್ಟಿಸುವುದು ಅಂದರೆ ಒಬ್ಬೊಬ್ಬ ಆಳನ್ನೂ ನಾವೇ ಹುಡುಕಬೇಕಾ?

ಬೇಕಿಲ್ಲ. ನಮ್ಮ ಕಡೆ ಮೂರು ರೀತಿ ನಡೆಯುತ್ತದೆ. ಸಾಮಾನು ಸಮೇತ ಪೂರ್ತಿ ಗುತ್ತಿಗೆ ಒಂದು. ಸಾಮಾನು ನಮ್ಮದು, ಕೂಲಿ ಮಾತ್ರ ಚದರಡಿ ಲೆಕ್ಕದಲ್ಲಿ ಮೇಸ್ತ್ರಿಗೆ ಒಪ್ಪಿಸುವ ಲೇಬರ್ ಕಾಂಟ್ರಾಕ್ಟ್ ಇನ್ನೊಂದು. ಮೂರನೆಯದು ಪೂರ್ತಿ ದಿನಗೂಲಿ.

ಮೊದಲ ಸಲ ಕಟ್ಟಿಸುವವರಿಗೆ ನಾನು ಹೇಳುವುದು ಎರಡನೆಯದನ್ನೇ. ಪಾಯದಿಂದ ಗಾರೆ ಮುಗಿಯುವ ತನಕ ಒಬ್ಬ ಮೇಸ್ತ್ರಿ. ಅವನ ಕೈಕೆಳಗೆ ಗಾರೆಯವರು, ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು. ವೈರಿಂಗ್, ಪ್ಲಂಬಿಂಗ್, ಬಡಗಿ ಕೆಲಸ, ಟೈಲ್ಸ್, ಪೇಂಟ್ ಬೇರೆ ಬೇರೆಯವರಿಗೆ. ಹೊಸ ಮನೆಯನ್ನು ಪೂರ್ತಿ ದಿನಗೂಲಿಯಲ್ಲಿ ಎಬ್ಬಿಸಲು ಹೋದರೆ ದಿನಗಳು ಉದ್ದವಾಗುತ್ತಲೇ ಹೋಗುತ್ತವೆ. ಕಾಂಪೌಂಡ್, ರಿಪೇರಿ, ಮೆಟ್ಟಿಲ ಬಳಿಯ ಚಿಲ್ಲರೆ ಕೆಲಸಕ್ಕೆ ದಿನಗೂಲಿ ಸರಿ.

ನಿಜವಾಗಿ ಎಷ್ಟು ದುಡ್ಡು ಉಳಿಯುತ್ತೆ?

ಅರ್ಧಕ್ಕರ್ಧ ಉಳಿಯುತ್ತೆ ಅನ್ನುವ ಮಾತನ್ನು ನಂಬಬೇಡಿ. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ದರಗಳನ್ನು ಕಟ್ಟುವಾಗ ಗುತ್ತಿಗೆದಾರನ ಲಾಭ ಮತ್ತು ಮೇಲ್ಖರ್ಚು ಎಂದು ಶೇ 15 ಸೇರಿಸುತ್ತದೆ. ಖಾಸಗಿ ಮನೆ ಕೆಲಸದಲ್ಲಿ ಹೆಚ್ಚು ಕಡಿಮೆ ಇರಬಹುದು, ಆದರೆ ಅಂದಾಜಿಗೆ ಅದೇ ಸಾಕು. ಆ 15ರಲ್ಲೂ ಮೇಲ್ಖರ್ಚಿನ ಪಾಲು ನಿಮಗೂ ತಪ್ಪುವುದಿಲ್ಲ: ಓಡಾಟ, ಫೋನು, ಕಾವಲು, ಹಾಳಾಗುವ ಸಾಮಾನು, ಬಾಡಿಗೆ ಮೆಷಿನ್ನು.

ಉಳಿಯುವ ಹಣ ನೀವು ಸೈಟಿನಲ್ಲಿ ನಿಂತದ್ದಕ್ಕೆ ಸಿಗುವ ಕೂಲಿ ಎಂದು ತಿಳಿದುಕೊಳ್ಳಿ. ನಿಲ್ಲದಿದ್ದರೆ ಅದು ಉಳಿಯುವುದಿಲ್ಲ, ಬೇರೆ ದಾರಿಯಲ್ಲಿ ಹೋಗುತ್ತದೆ. ನನ್ನ ಮಟ್ಟಿಗೆ ದೊಡ್ಡ ಲಾಭ ಬೇರೆ ಇದೆ. ಗೋಡೆಯೊಳಗೆ ಯಾವ ಪೈಪು ಎಲ್ಲಿ ಹೋಗಿದೆ, ಪಾಯ ಎಷ್ಟು ಆಳಕ್ಕೆ ಇಳಿದಿದೆ, ಪಿಲ್ಲರಿಗೆ ಎಷ್ಟು ಕಂಬಿ ಬಿದ್ದಿದೆ ಎಂಬುದು ನಿಮ್ಮ ಕಣ್ಣಾರೆ ಗೊತ್ತಿರುತ್ತದೆ. ಮುಂದೆ ಮೇಲೊಂದು ಮಹಡಿ ಎತ್ತುವಾಗ ಆ ತಿಳಿವಳಿಕೆಗೆ ಬೆಲೆ ಕಟ್ಟಲಾಗದು.

ನಾನು ನೌಕರಿಯಲ್ಲಿದ್ದೇನೆ. ಆಗುತ್ತಾ?

ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಅರ್ಧ ಗಂಟೆ, ಸಂಜೆ ಆಳುಗಳು ಕೈಕಾಲು ತೊಳೆಯುವ ಮೊದಲು ಅರ್ಧ ಗಂಟೆ ಸೈಟಿಗೆ ಬರಬಲ್ಲಿರಾದರೆ ಆಗುತ್ತದೆ. ನಡುಹಗಲಿನಲ್ಲಿ ಮನೆಯವರೊಬ್ಬರು ಹೋಗಿಬರುವಂತಿರಬೇಕು. ಎಷ್ಟೋ ಮನೆಗಳಲ್ಲಿ ಈ ಕೆಲಸವನ್ನು ಹೆಂಡತಿ, ಅಮ್ಮ ಅಥವಾ ನಿವೃತ್ತರಾದ ಮಾವ ಮಾಡುತ್ತಾರೆ, ತುಂಬ ಚೆನ್ನಾಗಿ ಮಾಡುತ್ತಾರೆ. ಹಾಗೆ ನಿಲ್ಲುವವರ ಮಾತೇ ಸೈಟಿನಲ್ಲಿ ಕೊನೆಯ ಮಾತು ಎಂದು ಮೇಸ್ತ್ರಿಗೆ ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ "ಯಜಮಾನ್ರು ಬರ್ಲಿ" ಅಂತ ಕೆಲಸ ನಿಲ್ಲುತ್ತದೆ.

ಕೆಲವು ದಿನ ಮಾತ್ರ ರಜೆ ಹಾಕಲೇಬೇಕು. ಪಾಯದ ಗುರುತು ಹಾಕುವ ದಿನ, ಪಿಲ್ಲರಿನ ಬುಡದ ಫೂಟಿಂಗಿಗೆ ಕಾಂಕ್ರೀಟ್ ಹಾಕುವ ದಿನ, ಸ್ಲ್ಯಾಬಿನ ಹಿಂದಿನ ದಿನ ಮತ್ತು ಸ್ಲ್ಯಾಬ್ ಹಾಕುವ ದಿನ, ಪೈಪುಗಳಿಗೆ ನೀರು ತುಂಬಿಸಿ ನೋಡುವ ದಿನ.

ಕಾಂಟ್ರಾಕ್ಟರ್ ಮಾಡುವ ಮುಖ್ಯ ಕೆಲಸ ನಾಳೆಯ ಯೋಚನೆ. ನಾಳೆ ಎಷ್ಟು ಜನ ಬರುತ್ತಾರೆ, ಅವರಿಗೆ ಏನು ಬೇಕು, ಅದು ಇವತ್ತು ಸಂಜೆಯೊಳಗೆ ಸೈಟಿಗೆ ಬಂದಿದೆಯಾ? ಎಂಟು ಆಳು ಬಂದು ಮರಳಿಲ್ಲದೆ ಕೂತರೆ ಆ ದಿನದ ಕೂಲಿ ಹೋಯಿತು, ಮಾರನೆಯ ದಿನ ಆ ಆಳುಗಳು ಬೇರೆ ಸೈಟಿಗೂ ಹೋದರು. ದಿನಾ ಸಂಜೆ ಮೇಸ್ತ್ರಿಯನ್ನು ಕೇಳಬೇಕಾದದ್ದು ಇಷ್ಟೇ: "ನಾಳೆ ಏನು ಕೆಲಸ, ಏನು ಬೇಕು, ನಾಡಿದ್ದು ಏನು ಬೇಕು?" ಅದನ್ನು ಬರೆದುಕೊಳ್ಳಿ.

ಕಾಗದಪತ್ರ ಯಾವುದೆಲ್ಲ ಆಗಿರಬೇಕು?

ನಿವೇಶನ ಯಾರ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಮೊದಲು ನೋಡಿ. ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ, ಬಡಾವಣೆಗೆ ಮಂಜೂರಾತಿ ಕೊಡುತ್ತದೆ. ಪಾಲಿಕೆಯ ವ್ಯಾಪ್ತಿಯಲ್ಲಿ ಮನೆ ಕಟ್ಟುವ ಪರವಾನಗಿ ಮಹಾನಗರ ಪಾಲಿಕೆಯದು. ಊರ ಹೊರಗಿನ ನಿವೇಶನವಾದರೆ ಗ್ರಾಮ ಪಂಚಾಯಿತಿ. ಅಲ್ಲಿ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳುತ್ತಾರೆ. ನಗರದಲ್ಲಾದರೆ ಇ-ಖಾತೆ. ಕೃಷಿ ಜಮೀನನ್ನೇ ತುಂಡು ಮಾಡಿ ಮಾರಿದ ನಿವೇಶನದಲ್ಲಿ, ಭೂಪರಿವರ್ತನೆ ಇಲ್ಲದೆ, "ಮುಂದೆ ಸಕ್ರಮ ಆಗುತ್ತೆ" ಎಂಬ ಭರವಸೆಯ ಮೇಲೆ ಗುದ್ದಲಿ ಪೂಜೆ ಮಾಡಬೇಡಿ. ಬ್ಯಾಂಕು ಸಾಲ ಕೊಡುವುದಿಲ್ಲ, ಕರೆಂಟಿಗೂ ಪರದಾಟ.

ಕರೆಂಟಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ನಕ್ಷೆಯಂತೆ ಕಟ್ಟಿದ್ದಕ್ಕೆ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಆಮೇಲೆ ಸಣ್ಣ ಮನೆಗಳ ವಿಷಯದಲ್ಲಿ ನಿಯಮಗಳು ಬದಲಾಗುತ್ತಾ ಬಂದಿವೆ. ನಕ್ಷೆ ಅಂತಿಮಗೊಳಿಸುವ ಮೊದಲೇ ನಿಮ್ಮ ಬೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ, ನಿಮ್ಮ ಅಳತೆಯ ಮನೆಗೆ ಇವತ್ತು ಏನು ಕೇಳುತ್ತಾರೆ ಎಂದು ತಿಳಿದುಕೊಳ್ಳಿ. ಪಕ್ಕದಲ್ಲಿ ಬಿಡಬೇಕಾದ ಜಾಗದಲ್ಲಿ ಒಂದಡಿ ಕದ್ದರೆ ಮನೆ ಮುಗಿದ ಮೇಲೆ ಅದೇ ಒಂದಡಿ ಅಡ್ಡ ನಿಲ್ಲುತ್ತದೆ.

ಪರವಾನಗಿ ಶುಲ್ಕದ ಜೊತೆ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಎಂಬ ಬಾಬ್ತು ಕಾಣಿಸಬಹುದು. ನಿರ್ಮಾಣ ವೆಚ್ಚದ ಶೇ 1 ಅದು. ಆ ರಶೀದಿ ಜೋಪಾನ ಮಾಡಿ.

ಮೇಸ್ತ್ರಿಗೆ ಇಪ್ಪತ್ತು ವರ್ಷದ ಅನುಭವ ಇದೆ. ಎಂಜಿನಿಯರ್ ಯಾಕೆ?

ಕಾಂಟ್ರಾಕ್ಟರನ್ನು ಬಿಡಿ, ಎಂಜಿನಿಯರನ್ನು ಬಿಡಬೇಡಿ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೇಸ್ತ್ರಿ ತಾನು ಕಟ್ಟಿದ ಮನೆಗಳನ್ನು ನೋಡಿ ಹೇಳುತ್ತಾನೆ, ಅವನ ಕೈಗುಣಕ್ಕೆ ಗೌರವ ಕೊಡೋಣ. ಆದರೆ ನಿಮ್ಮ ಮಣ್ಣಿನ ತಾಕತ್ತು, ನಿಮ್ಮ ಹಾಲಿನ ಅಗಲಕ್ಕೆ ಬೇಕಾದ ಬೀಮ್, ಮುಂದೆ ಎತ್ತುವ ಮಹಡಿಯ ಭಾರ ಇವು ಲೆಕ್ಕ ಹಾಕಿ ಬರೆಯಬೇಕಾದವು. ಪರವಾನಗಿಗೆ ಕೊಡುವ ನಕ್ಷೆಯೊಂದೇ ಸಾಲದು. ಫೂಟಿಂಗ್, ಪಿಲ್ಲರ್, ಬೀಮ್, ಸ್ಲ್ಯಾಬಿನ ಕಂಬಿಯ ವಿವರ ಇರುವ ಸ್ಟ್ರಕ್ಚರಲ್ ಡ್ರಾಯಿಂಗ್ ಬೇರೆಯೇ ಮಾಡಿಸಿ, ಸೈಟಿನಲ್ಲಿ ಒಂದು ಪ್ರತಿ ನೇತುಹಾಕಿ. ಶುಲ್ಕ ಮಾತಾಡುವಾಗಲೇ ಎಂಜಿನಿಯರ್ ಎಷ್ಟು ಸಲ, ಯಾವ ಯಾವ ಹಂತದಲ್ಲಿ ಸೈಟಿಗೆ ಬರಬೇಕು ಎಂದು ಬರೆಸಿಕೊಳ್ಳಿ. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಬೀಳುವ ಮೊದಲು ಬಂದು ನೋಡುವುದು ಅದರಲ್ಲಿ ಇರಲೇಬೇಕು.

ವಾಸ್ತು ತೋರಿಸುವವರು ನಕ್ಷೆ ಕಾಗದದ ಮೇಲಿದ್ದಾಗಲೇ ತೋರಿಸಿ. ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು ಕಿಟಕಿಯ ಮೇಲಂಚಿಗೆ ಬಂದ ಮೇಲೆ ಯಾರೋ ನೆಂಟರು ಬಂದು ಅಡುಗೆಮನೆ ಆಗ್ನೇಯಕ್ಕಿಲ್ಲ ಅಂದರು ಅಂತ ಗೋಡೆ ಒಡೆಸುವುದು ದುಡ್ಡು, ದಿನ, ಮೇಸ್ತ್ರಿಯ ಉತ್ಸಾಹ ಮೂರನ್ನೂ ತಿನ್ನುತ್ತದೆ.

ನಮ್ಮದು ಎರೆ ಮಣ್ಣಿನ ಜಾಗ. ಏನು ಮಾಡಬೇಕು?

ಇದು ನಮ್ಮೂರಿನ ದೊಡ್ಡ ಪ್ರಶ್ನೆ. ಚಿತ್ರದುರ್ಗದಲ್ಲಿ ಎಷ್ಟೋ ಕಡೆ ಸ್ವಲ್ಪ ಅಗೆದರೆ ಬಂಡೆ ಸಿಗುತ್ತದೆ. ಅಲ್ಲಿನ ಕಷ್ಟ ಒಡೆಯುವುದು. ದಾವಣಗೆರೆ ಸುತ್ತ ಎರೆಯೂ ಇದೆ, ಕೆಂಪೂ ಇದೆ. ಭದ್ರಾ ನಾಲೆಯ ನೀರು ಹರಿಯುತ್ತಿದ್ದ ಗದ್ದೆಗಳು ಈಗ ಬಡಾವಣೆಯಾಗಿವೆ. ಪಕ್ಕದ ಸೈಟಿನವರು ನಾಲ್ಕಡಿಗೆ ಪಾಯ ಹಾಕಿದರು ಎಂದು ನೀವೂ ನಾಲ್ಕಡಿಗೆ ನಿಲ್ಲಿಸಬೇಡಿ.

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮಾರ್ಚಿನಲ್ಲಿ ಹೊಲದ ಬಿರುಕಿಗೆ ಕೈ ಇಳಿಸಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಉಬ್ಬು ಕುಗ್ಗು ವರ್ಷ ವರ್ಷ ನಡೆಯುತ್ತದೆ, ಪಾಯ ಅದರ ಮೇಲೆ ಕೂತಿದ್ದರೆ ಗೋಡೆಯೂ ಅದರೊಂದಿಗೆ ಏಳುತ್ತದೆ, ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡುವ ಬಿರುಕು ಅನೇಕ ಸಲ ಇದರ ಗುರುತು.

ದಾರಿಗಳು ಮೂರು. ಎರೆ ಮಣ್ಣಿನ ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ದಾಟಿ ಕೆಳಗಿನ ಗಟ್ಟಿ ಗರಸಿನ ಮೇಲೆ ಫೂಟಿಂಗ್ ಕೂರಿಸುವುದು ನೇರವಾದ ದಾರಿ. ಸ್ವಲ್ಪ ದಪ್ಪವಿದ್ದರೆ ಫೂಟಿಂಗ್ ಕೆಳಗಿನ ಎರೆಯನ್ನು ತೆಗೆಸಿ, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಧಮ್ಮಸು ಮಾಡಿಸುತ್ತಾರೆ. ತುಂಬ ಆಳಕ್ಕೆ ಎರೆಯೇ ಇದ್ದರೆ ಅಂಡರ್‌ರೀಮ್ಡ್ ಪೈಲ್; ಕೊರೆದ ಗುಂಡಿಯ ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುವ ಕಂಬ ಅದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ. ಆಳದ ಎರೆಯಲ್ಲಿ ತೇವದ ಏರಿಳಿತ ಸುಮಾರು ಮೂರೂವರೆ ಮೀಟರ್ ತನಕ ಇರುತ್ತದೆ, ಪೈಲ್ ಅದನ್ನು ದಾಟಿ ಹೋಗುತ್ತದೆ. ಯಾವುದು ಬೇಕು ಎಂದು ಹೇಳಬೇಕಾದವರು ಎಂಜಿನಿಯರ್, ಅದೂ ಎರಡು ಕಡೆ ಗುಂಡಿ ತೋಡಿಸಿ ನೋಡಿದ ಮೇಲೆ. ಜೆಸಿಬಿ ಬಂದ ದಿನವೇ ಗುಂಡಿ ನೋಡಿದರಾಯಿತು ಅನ್ನಬೇಡಿ. ಅಷ್ಟರಲ್ಲಿ ಡ್ರಾಯಿಂಗ್ ಮುಗಿದಿರುತ್ತದೆ, ಕಂಬಿಯೂ ಬಂದಿರುತ್ತದೆ.

ಇನ್ನೊಂದು ಮಾತು. ಪಾಯಕ್ಕೆ ಅಗೆದ ಎರೆ ಮಣ್ಣು ರಾಶಿ ಬಿದ್ದಿರುತ್ತದೆ, ಅದನ್ನೇ ಪ್ಲಿಂತ್ ಒಳಗೆ, ಅಂದರೆ ಮನೆಯ ನೆಲದ ಕೆಳಗೆ ತುಂಬಿದರೆ ಎರಡು ಟಿಪ್ಪರ್ ಗರಸು ಉಳಿಯುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ. ಅದು ನೆಲದ ಕೆಳಗೆ ಉಬ್ಬಿ ಟೈಲ್ಸ್ ಎಬ್ಬಿಸುತ್ತದೆ. ಮನೆ ಮುಗಿದ ಮೇಲೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿಸಿ, ಸೂರಿನ ನೀರು ಪಾಯದ ಬುಡದಲ್ಲಿ ಇಂಗದಂತೆ ದೂರ ಸಾಗಿಸಿ. ಇಂಗುಗುಂಡಿಯನ್ನೂ ಗೋಡೆಗೆ ಒತ್ತಿ ತೋಡಿಸಬೇಡಿ.

ಮೇಸ್ತ್ರಿಯನ್ನು ಹುಡುಕುವುದು ಹೇಗೆ, ಏನು ಮಾತಾಡಿಕೊಳ್ಳಬೇಕು?

ಅವರು ಕಟ್ಟಿ ಮುಗಿಸಿದ ಮನೆಗಿಂತ ಈಗ ಕಟ್ಟುತ್ತಿರುವ ಮನೆಗೆ ಹೋಗಿ ನೋಡಿ. ಮುಗಿದ ಮನೆಯಲ್ಲಿ ಪೇಂಟ್ ಎಲ್ಲವನ್ನೂ ಮುಚ್ಚಿರುತ್ತದೆ. ನಡೆಯುತ್ತಿರುವ ಸೈಟಿನಲ್ಲಿ ಇಟ್ಟಿಗೆಯ ಸಂದು ಒಂದೇ ಸಮ ಇದೆಯಾ, ಪಿಲ್ಲರಿನಲ್ಲಿ ಜೇನುಗೂಡಿನಂಥ ತೂತು ಬಿದ್ದಿದೆಯಾ, ಸಿಮೆಂಟ್ ಚೀಲ ನೆಲದ ಮೇಲೆ ಬಿದ್ದಿದೆಯಾ ಎಂಬುದು ಕಾಣುತ್ತದೆ. ಕೆಲಸ ಮುಗಿಸಿದ ಒಬ್ಬಿಬ್ಬರು ಮನೆ ಯಜಮಾನರನ್ನು ಕೇಳಿ, "ಕೊನೇ ತನಕ ಬಂದ್ರಾ?" ಎಂಬ ಒಂದೇ ಪ್ರಶ್ನೆ ಸಾಕು.

ಕೂಲಿ ದರಕ್ಕಿಂತ, ಆ ದರದಲ್ಲಿ ಏನೇನು ಸೇರಿದೆ ಎಂಬುದು ದೊಡ್ಡದು. ಜಗಳ ಹುಟ್ಟುವುದು ಅಲ್ಲಿಯೇ. ಸಂಪು, ಸೆಪ್ಟಿಕ್ ಟ್ಯಾಂಕ್, ಮೆಟ್ಟಿಲು, ಸಜ್ಜಾ, ಲಾಫ್ಟ್, ಪ್ಯಾರಾಪೆಟ್, ಕಾಂಪೌಂಡ್ ಗೋಡೆ ಸೇರಿದೆಯೋ ಬೇರೆಯೋ? ಸೆಂಟ್ರಿಂಗ್ ಶೀಟು, ಮಿಕ್ಸರ್, ವೈಬ್ರೇಟರ್ ಬಾಡಿಗೆ ಯಾರದು? ರಸ್ತೆಯಲ್ಲಿ ಸುರಿದ ಜಲ್ಲಿಯನ್ನು ಒಳಗೆ ಹೊರುವುದು, ಮೇಲಕ್ಕೆ ಸಾಗಿಸುವುದು ಯಾರ ಲೆಕ್ಕ? ಕಾಂಕ್ರೀಟ್, ಗಾರೆ ಒಣಗದಂತೆ ಹಾಕುವ ಕ್ಯೂರಿಂಗ್ ನೀರು ಯಾರು ಹೊಡೆಯುತ್ತಾರೆ? ಚದರಡಿ ಅಳೆಯುವಾಗ ಗೋಡೆಯ ಹೊರ ಅಂಚಿನಿಂದಲೋ, ಸಜ್ಜಾ ಸೇರಿಸಿಯೋ? ವೈರಿಂಗಿಗೆ ಗೋಡೆ ಕೊರೆದ ಮೇಲೆ ಮುಚ್ಚುವವರು ಯಾರು? ಇವೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಓದಿ ಹೇಳಿ, ಇಬ್ಬರೂ ಸಹಿ ಹಾಕಿ. ಒಳ್ಳೆಯ ಮೇಸ್ತ್ರಿಗೆ ಇದರಿಂದ ಬೇಸರವಾಗುವುದಿಲ್ಲ, ಅವನಿಗೂ ಇದು ರಕ್ಷಣೆ.

ದುಡ್ಡು ಹೇಗೆ ಕೊಡುತ್ತಾ ಹೋಗಬೇಕು?

ವಾರದ ಬಟವಾಡೆ ತಪ್ಪಿಸಬೇಡಿ. ಆಳುಗಳ ಮನೆ ನಡೆಯುವುದು ಅದರಲ್ಲಿ. ಆದರೆ ಬಟವಾಡೆ ಕೊಡುತ್ತಾ ಕೊಡುತ್ತಾ ಮೇಸ್ತ್ರಿಯ ಲೆಕ್ಕ ಕೆಲಸಕ್ಕಿಂತ ಮುಂದೆ ಓಡಬಾರದು. ಪಾಯ, ಲಿಂಟಲ್, ಸ್ಲ್ಯಾಬ್, ಒಳಗಾರೆ, ಹೊರಗಾರೆ ಎಂದು ಹಂತ ಮಾಡಿ, ಆ ಹಂತಕ್ಕೆ ಇಷ್ಟು ಎಂದು ಗೊತ್ತುಮಾಡಿ, ವಾರದ ಹಣವನ್ನು ಅದರೊಳಗೆ ಕಳೆಯುತ್ತಾ ಬನ್ನಿ. ಒಟ್ಟು ಕೂಲಿಯ ಹತ್ತನೇ ಒಂದು ಭಾಗ ಕೊನೆಯ ಚಿಲ್ಲರೆ ಕೆಲಸ ಮುಗಿಯುವ ತನಕ ನಿಮ್ಮ ಬಳಿ ಇರಲಿ. ಚಿಲ್ಲರೆ ಕೆಲಸಕ್ಕೆ ಕರೆದರೆ ಬರುವಂತೆ ಮಾಡುವುದು ಅದೇ.

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಇಡಿ. ತಾರೀಖು, ಬಂದ ಸಾಮಾನು, ಗಾಡಿ ನಂಬರ್, ಕೊಟ್ಟ ಹಣ, ಪಡೆದವರ ಸಹಿ. ಫೋನಿನಲ್ಲಿ ಕಳಿಸಿದ ಹಣವನ್ನೂ ಅದರಲ್ಲೇ ಬರೆಯಿರಿ.

ಸಾಮಾನಿನಲ್ಲಿ ಎಲ್ಲಿ ಕಣ್ಣಿಡಬೇಕು?

ಕಂಬಿಯಿಂದ ಶುರು ಮಾಡೋಣ. ಕಂಬಿಯ ತೂಕ ಗುಟ್ಟಲ್ಲ: ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮೀಟರಿನ ಒಂದು ಕಂಬಿ 8 ಎಂಎಂ ಆದರೆ ಸುಮಾರು 4.7 ಕಿಲೋ, 10 ಎಂಎಂ 7.4, 12 ಎಂಎಂ 10.7, 16 ಎಂಎಂ ಸುಮಾರು 19. ಭಾರತೀಯ ಮಾನಕ 1786ರ ಪ್ರಕಾರ 10 ಎಂಎಂ ತನಕ ಶೇ 7, ಅದಕ್ಕಿಂತ ದಪ್ಪದ 16 ಎಂಎಂ ತನಕ ಶೇ 5 ಹೆಚ್ಚು ಕಡಿಮೆ ಇರಬಹುದು. ಕಂಬಿ ಎಣಿಸಿ ಗುಣಿಸಿ, ತೂಕದ ಚೀಟಿಯೊಂದಿಗೆ ಹೋಲಿಸಿ. ವೇಬ್ರಿಡ್ಜಿಗೆ ಗಾಡಿಯೊಂದಿಗೆ ನೀವೇ ಹೋಗಿ, ಖಾಲಿ ಗಾಡಿಯ ತೂಕವನ್ನೂ ಹಾಕಿಸಿ.

ಮರಳು, ಜಲ್ಲಿಯಲ್ಲಿ "ಒಂದು ಲೋಡ್" ಎಂಬುದಕ್ಕೆ ಅರ್ಥವಿಲ್ಲ. ಟಿಪ್ಪರಿನ ತೊಟ್ಟಿಯನ್ನು ಟೇಪಿನಲ್ಲಿ ಅಳೆದು ಘನ ಅಡಿ ಲೆಕ್ಕ ಹಾಕಿ. ತುಂಗಭದ್ರೆಯ ಹೊಳೆಮರಳಿಗೆ ಪರ್ಮಿಟ್ ಇದೆಯೇ ಕೇಳಿ. ಬಹಳ ಮನೆಗಳು ಈಗ ಕಲ್ಲು ಪುಡಿಮಾಡಿ ತಯಾರಿಸಿದ ಎಂ ಸ್ಯಾಂಡಿನಲ್ಲೇ ಆಗುತ್ತಿವೆ, ಅದರಲ್ಲಿ ತಪ್ಪಿಲ್ಲ. ಆದರೆ ಎಂ ಸ್ಯಾಂಡ್ ಹೆಸರಿನಲ್ಲಿ ಕ್ರಷರ್ ಪುಡಿ ಬರಬಾರದು. ಅಂಗೈಯಲ್ಲಿ ಹಿಡಿದು ಉಜ್ಜಿದರೆ ಹಿಟ್ಟಿನಂತೆ ಮೆತ್ತಿಕೊಂಡರೆ ವಾಪಸು ಕಳಿಸಿ. ಗಾರೆಗೆ ಇನ್ನೂ ನಯವಾದ ಪಿ ಸ್ಯಾಂಡ್ ಬೇರೆ. ಹೊಳೆಮರಳಾದರೆ ಗಾಜಿನ ಬಾಟಲಿಯಲ್ಲಿ ಮರಳು, ಉಪ್ಪುನೀರು ಹಾಕಿ ಕುಲುಕಿ ಮೂರು ಗಂಟೆ ಇಡಿ. ಮೇಲೆ ಕೂರುವ ಮಣ್ಣಿನ ಪದರ ಮರಳಿನ ಶೇ 8 ಮೀರಿದ್ದರೆ ಬೇಡ.

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದನ್ನು ಪಿಲ್ಲರ್, ಸ್ಲ್ಯಾಬಿಗೆ ಹಾಕಬೇಡಿ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಒಟ್ಟದೆ ಇಡಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ನೋಡಿಕೊಳ್ಳಿ, ಬಿಲ್ಲು ನಿಮ್ಮ ಹೆಸರಿಗೇ ಇರಲಿ.

ಒಟ್ಟು ಎಷ್ಟು ಬೇಕಾಗಬಹುದು? ಎಂಜಿನಿಯರುಗಳು ಬಾಯಿಲೆಕ್ಕಕ್ಕೆ ಹೇಳುವುದು ಚದರಡಿಗೆ 0.4 ಚೀಲ ಸಿಮೆಂಟ್, ಮೂರೂವರೆಯಿಂದ ನಾಲ್ಕು ಕಿಲೋ ಕಂಬಿ. ಹನ್ನೆರಡು ಚದರದ, ಅಂದರೆ 1200 ಚದರಡಿಯ ಮನೆಗೆ ಹೆಚ್ಚುಕಡಿಮೆ 480 ಚೀಲ, ನಾಲ್ಕು ಟನ್ನಿನಿಂದ ಐದು ಟನ್ನಿನೊಳಗೆ ಕಂಬಿ. ಎರೆ ಮಣ್ಣಿನ ಪಾಯಕ್ಕೆ ಇದು ಏರುತ್ತದೆ.

ಸ್ಲ್ಯಾಬ್ ಹಾಕುವ ದಿನ ಏನೇನು ನೋಡಬೇಕು?

ಕೆಲಸವೆಲ್ಲ ಹಿಂದಿನ ದಿನವೇ ಇದೆ. ಎಂಜಿನಿಯರ್ ಬಂದು ಕಂಬಿ ನೋಡಿರಬೇಕು. ಕಂಬಿಯ ಕೆಳಗೆ ಕವರ್ ಬ್ಲಾಕ್ ಇರಬೇಕು: ಸ್ಲ್ಯಾಬಿಗೆ 20 ಎಂಎಂ, ಬೀಮಿಗೆ 25, ಪಿಲ್ಲರಿಗೆ 40, ಫೂಟಿಂಗಿಗೆ 50. ಜಲ್ಲಿ ಚೂರನ್ನು ಕಂಬಿ ಕೆಳಗೆ ತುರುಕುವುದು ಬೇಡ. ಫ್ಯಾನಿನ ಬಾಕ್ಸ್, ಲೈಟಿನ ಪೈಪು, ಬಾತ್‌ರೂಮಿನ ಪೈಪು ಹೋಗುವ ತೂತು ಎಲ್ಲ ಇಟ್ಟಾಗಿದೆಯಾ? ವೈರ್‌ಮ್ಯಾನನ್ನು ಅವತ್ತೇ ಕರೆಸಿ ತೋರಿಸಿ. ಆಮೇಲೆ ಮೇಲಿನಿಂದ ಕೆಳಗಿನ ತನಕ ಫೋಟೊ, ವೀಡಿಯೊ ತೆಗೆದಿಡಿ.

ಆ ದಿನ ವೈಬ್ರೇಟರ್ ಎರಡು ಇರಲಿ, ಒಂದು ಕೆಟ್ಟರೆ ಇನ್ನೊಂದು. ಡೀಸೆಲ್ ತುಂಬಿರಲಿ. ಮಳೆಗಾಲವಾದರೆ ಹೊದಿಸಲು ಪ್ಲಾಸ್ಟಿಕ್ ಹಾಳೆ ಪಕ್ಕದಲ್ಲೇ ಇರಲಿ. ಸಾವಿರ ಚದರಡಿಯ ಐದಿಂಚಿನ ಸ್ಲ್ಯಾಬಿಗೆ ಸಿಮೆಂಟ್, ಮರಳು, ಜಲ್ಲಿ 1:1.5:3ರ ಲೆಕ್ಕದಲ್ಲಿ ಸುಮಾರು 95 ಚೀಲ ಸಿಮೆಂಟ್ ಹೋಗುತ್ತದೆ, ಬೀಮಿನದು ಬೇರೆ. ಖಾಲಿ ಚೀಲಗಳನ್ನು ಒಂದು ಕಡೆ ಹಾಕಿಸಿ ಸಂಜೆ ಎಣಿಸಿ.

ನೀರಿನ ಮೇಲೆ ನಿಗಾ ಇಡಿ. ಈ ಮಿಶ್ರಣದಲ್ಲಿ ಒಂದು ಚೀಲ ಸಿಮೆಂಟಿಗೆ 30 ಲೀಟರ್ ಎಂದು ಭಾರತೀಯ ಮಾನಕ 456 ಹೇಳುತ್ತದೆ. ಮಾಲು ಸಲೀಸಾಗಿ ಹರಿಯಲಿ ಎಂದು ಪೈಪ್ ಹಿಡಿದು ನೀರು ಬಿಡುತ್ತಾರೆ. ಕಾಂಕ್ರೀಟಿನ ಶಕ್ತಿ ತಿನ್ನುವುದು ಅದೇ. ಮಿಕ್ಸರ್ ಹತ್ತಿರ ಅಳತೆಯ ಬಕೆಟ್ ಇಡಿಸಿ, ಅಲ್ಲಿ ನಂಬಿಕೆಯ ಒಬ್ಬರನ್ನು ನಿಲ್ಲಿಸಿ.

ಅವತ್ತಿನ ಊಟ ನಿಮ್ಮ ಕಡೆಯಿಂದ ಇರಲಿ, ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ, ಚಹಾ. ಬೆಳಗಿನಿಂದ ಬಾಂಡ್ಲಿ ಹೊತ್ತ ಹೆಣ್ಣಾಳುಗಳಿಗೂ ಗಂಡಾಳುಗಳಿಗೂ ಒಂದೇ ಪಂಕ್ತಿಯಲ್ಲಿ, ಹೊಟ್ಟೆ ತುಂಬ.

ಸೆಂಟ್ರಿಂಗ್ ಬಿಚ್ಚುವ ಅವಸರ ಬೇಡ. ಶೀಟು ಬಾಡಿಗೆಯವರು ಮುಂದಿನ ಸೈಟಿಗೆ ಒಯ್ಯಲು ತವಕಿಸುತ್ತಾರೆ. ಮಾನಕದ ಪ್ರಕಾರ ನಾಲ್ಕೂವರೆ ಮೀಟರ್ ತನಕದ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ, ಆರು ಮೀಟರ್ ಮೀರಿದ ಬೀಮಿಗೆ 21 ದಿನ ಊರೆ ಇರಬೇಕು. ಇದು ಓಪಿಸಿ, ಅಂದರೆ ಸಾದಾ ಸಿಮೆಂಟಿನ ಲೆಕ್ಕ, ಹಾರುಬೂದಿ ಬೆರೆತ ಪಿಪಿಸಿಗೆ ಇನ್ನೂ ಹೆಚ್ಚು ಬೇಕು. ದಿನ ಹೇಳಬೇಕಾದವರು ನಿಮ್ಮ ಎಂಜಿನಿಯರ್.

ಬೇಸಿಗೆಯಲ್ಲಿ ಕ್ಯೂರಿಂಗ್ ಎಷ್ಟು ದಿನ?

ಪಿಪಿಸಿ ಸಿಮೆಂಟ್ ಹಾಕಿ, ನಮ್ಮ ಏಪ್ರಿಲ್ ಬಿಸಿಲು ಇದ್ದರೆ 14 ದಿನ ಹಿಡಿಯಿರಿ. ಸ್ಲ್ಯಾಬಿನ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಪಿಲ್ಲರಿಗೆ ಗೋಣಿಚೀಲ ಸುತ್ತಿ ಒಣಗದಂತೆ ನೋಡಿ. ಎಲ್ಲರೂ ಸ್ಲ್ಯಾಬಿಗೆ ನೀರು ನಿಲ್ಲಿಸುತ್ತಾರೆ, ಪಿಲ್ಲರನ್ನು ಮರೆಯುತ್ತಾರೆ.

ಇದಕ್ಕೆಲ್ಲ ನೀರು ಬೇಕು, ಹಾಗಾಗಿ ಸಂಪು ಮೊದಲು ಕಟ್ಟಿಸಿ. ಹತ್ತಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪಿನಲ್ಲಿ ಹತ್ತು ಸಾವಿರ ಲೀಟರ್ ನಿಲ್ಲುತ್ತದೆ. ಟ್ಯಾಂಕರ್ ಬಂದರೂ ಖಾಲಿ ಮಾಡಿಸಿಕೊಳ್ಳಲು ಜಾಗ ಸಿಗುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಮುಚ್ಚಳ ಹಾಕಿಸಿ. ಆಳುಗಳ ಮಕ್ಕಳು ಸೈಟಿನಲ್ಲೇ ಆಡುತ್ತಿರುತ್ತವೆ.

ಯಾವ ತಿಂಗಳು ಶುರು ಮಾಡುವುದು ಒಳ್ಳೆಯದು?

ಎರೆ ಮಣ್ಣಿನಲ್ಲಿ ಮಳೆ ಶುರುವಾಗುವ ಮೊದಲು ಪಾಯ ನೆಲದಿಂದ ಮೇಲೆ ಬಂದಿರಬೇಕು. ನೀರು ತುಂಬಿದ ಗುಂಡಿಯಲ್ಲಿ ಕೆಲಸ ಆಗದು, ಬದಿ ಕುಸಿಯುತ್ತದೆ. ದೀಪಾವಳಿ ಕಳೆದ ಮೇಲೆ, ಧನುರ್ಮಾಸಕ್ಕೆ ಮೊದಲು ಪೂಜೆ ಮಾಡಿದರೆ ಪಾಯ, ಗೋಡೆ, ಸ್ಲ್ಯಾಬ್ ಒಣ ತಿಂಗಳುಗಳಲ್ಲಿ ಆಗುತ್ತವೆ, ಒಳಗಿನ ಕೆಲಸ ಮಳೆಗಾಲದಲ್ಲಿ ನಡೆಯುತ್ತದೆ.

ಆಳುಗಳ ಲೆಕ್ಕವನ್ನೂ ಇಡಿ. ಬಹಳ ಜನ ಹಳ್ಳಿಗಳಿಂದ ಬರುವವರು. ಮುಂಗಾರಿನಲ್ಲಿ ಮೆಕ್ಕೆಜೋಳ ಬಿತ್ತನೆ, ಆಮೇಲೆ ಮುರಿಯುವ ಕಾಲ, ಚನ್ನಗಿರಿ ಕಡೆ ಅಡಿಕೆ ಕೊಯ್ಲು ಬಂದಾಗ ಸೈಟು ಬರಿದಾಗುತ್ತದೆ. ಯುಗಾದಿಗೆ ಒಂದು ವಾರ ಬಿಡಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ವರ್ಷವಾದರೆ ಆ ದಿನಗಳಲ್ಲಿ ಸ್ಲ್ಯಾಬ್ ಇಟ್ಟುಕೊಳ್ಳಲೇಬೇಡಿ, ಊರಿಗೆ ಊರೇ ಜಾತ್ರೆಯಲ್ಲಿರುತ್ತದೆ.

ವೈರಿಂಗ್, ಪ್ಲಂಬಿಂಗ್ ಯಾವಾಗ?

ಗೋಡೆ ಮುಗಿದು ಗಾರೆಗೆ ಮೊದಲು. ಕೊರೆಯುವುದೆಲ್ಲ ಆಗ ಮುಗಿಯಬೇಕು. ಪೈಪು ಕೂರಿಸಿದ ಮೇಲೆ ನೀರು ತುಂಬಿ ಒತ್ತಡದಲ್ಲಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ನೋಡಿಯೇ ಮುಚ್ಚಿಸಿ. ಬಾತ್‌ರೂಮಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಆದ ಮೇಲೆ ಎರಡು ದಿನ ನೀರು ನಿಲ್ಲಿಸಿ, ಕೆಳಗಿನಿಂದ ತೇವ ಕಾಣದಿದ್ದರೆ ಟೈಲ್ಸ್. ಮೀಟರ್ ಬೋರ್ಡಿನಲ್ಲಿ, ಕರೆಂಟ್ ಸೋರಿದ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸುವುದನ್ನು ಬಿಡಬೇಡಿ, ಜೀವ ಉಳಿಸುವ ಸಾಮಾನು ಅದು. ಅಡುಗೆ ಕಟ್ಟೆಯ ಎತ್ತರವನ್ನು ಅಲ್ಲಿ ನಿಂತು ಅಡುಗೆ ಮಾಡುವವರನ್ನೇ ನಿಲ್ಲಿಸಿ ಗುರುತು ಹಾಕಿ.

ಬ್ಯಾಂಕ್ ಸಾಲ ನಾವೇ ಕಟ್ಟಿಸಿದರೂ ಸಿಗುತ್ತಾ?

ಸಿಗುತ್ತದೆ. ಮಂಜೂರಾದ ನಕ್ಷೆ, ಎಂಜಿನಿಯರ್ ಸಹಿಯ ಅಂದಾಜು ಪಟ್ಟಿ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದೊಳಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ 90ರ ತನಕ, 75 ಲಕ್ಷದೊಳಗೆ ಶೇ 80ರ ತನಕ ಕೊಡಬಹುದು. ಹಣ ಕಂತಿನಲ್ಲಿ, ಕೆಲಸ ಆದ ಮೇಲೆ ಬರುತ್ತದೆ. ಅಂದರೆ ಒಂದು ಹಂತದ ಖರ್ಚು ಯಾವಾಗಲೂ ನಿಮ್ಮ ಕೈಯಿಂದ ಮುಂದೆ ಹೋಗಿರಬೇಕು. ಆ ಹಣ ಕೈಯಲ್ಲಿಲ್ಲದೆ ಪೂಜೆ ಮಾಡಬೇಡಿ. ಅಂದಾಜಿನ ಮೇಲೆ ಹತ್ತನೇ ಒಂದು ಭಾಗ ಬೇರೆ ತೆಗೆದಿಡಿ.

ಸೈಟಿನಲ್ಲಿ ಯಾರಿಗಾದರೂ ಪೆಟ್ಟಾದರೆ?

ಇದು ನಿಮ್ಮ ಜವಾಬ್ದಾರಿಯೂ ಹೌದು. ಕೆಲಸಗಾರರ ಪರಿಹಾರಕ್ಕೆಂದೇ ವಿಮಾ ಪಾಲಿಸಿ ಸಿಗುತ್ತದೆ, ಮನೆಯ ಒಟ್ಟು ಖರ್ಚಿನಲ್ಲಿ ಅದರ ಕಂತು ದೊಡ್ಡದಲ್ಲ. ನೆಲದ ಮೇಲೆ ಎಳೆದ ತೇಪೆಯ ವೈರು, ಮನೆ ಪಕ್ಕ ಹಾದುಹೋಗುವ ಕರೆಂಟ್ ತಂತಿಯ ಹತ್ತಿರ ಎತ್ತುವ ಉದ್ದ ಕಂಬಿ, ಅಲುಗಾಡುವ ಏಣಿ ಈ ಮೂರನ್ನು ದಿನಾ ನೋಡಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ನಿಮ್ಮ ಸೈಟಿನಲ್ಲಿ ದುಡಿದವರು ಕೆಲಸದ ಪ್ರಮಾಣಪತ್ರಕ್ಕೆ ಸಹಿ ಕೇಳಿದರೆ, ದುಡಿದಷ್ಟು ದಿನ ಬರೆದು ಸಂತೋಷದಿಂದ ಹಾಕಿಕೊಡಿ.

ಗೃಹಪ್ರವೇಶಕ್ಕೆ ಮುಹೂರ್ತ ಯಾವಾಗ ಇಡಿಸಬೇಕು?

ಹೊರಗಾರೆ ಮುಗಿದು, ಟೈಲ್ಸ್ ಶುರುವಾದ ಮೇಲೆ. ಅದಕ್ಕೆ ಮೊದಲೇ ಪತ್ರಿಕೆ ಅಚ್ಚಾದರೆ ಹಸಿ ಗೋಡೆಗೆ ಪುಟ್ಟಿ ಬಳಿಯುತ್ತಾರೆ, ಒಣಗದ ಬಾಗಿಲಿಗೆ ಪಾಲಿಶ್ ಹೊಡೆಯುತ್ತಾರೆ, ಒಂದು ಮಳೆಗಾಲದಲ್ಲಿ ಎರಡೂ ಎದ್ದು ಬರುತ್ತವೆ.

ಮನೆ ಮುಗಿದ ಮೇಲೆ ಏನು ಬಾಕಿ ಇರುತ್ತೆ?

ತಾತ್ಕಾಲಿಕ ಕರೆಂಟ್ ಸಂಪರ್ಕವನ್ನು ಮನೆ ಬಳಕೆಗೆ ಬದಲಾಯಿಸಿಕೊಳ್ಳಬೇಕು. ತಾತ್ಕಾಲಿಕದ ದರ ಹೆಚ್ಚು, ತಡ ಮಾಡಿದಷ್ಟೂ ನಷ್ಟ. ಪೂರ್ಣಗೊಂಡ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಖಾತೆಯಲ್ಲಿ ಖಾಲಿ ನಿವೇಶನ ಎಂದಿರುವುದನ್ನು ಕಟ್ಟಡ ಎಂದು ಸೇರಿಸಿ ಕಂದಾಯ ಕಟ್ಟಿ. ಡ್ರಾಯಿಂಗ್, ಬಿಲ್ಲು, ಸ್ಲ್ಯಾಬಿನ ಫೋಟೊ, ಮೇಸ್ತ್ರಿಯೊಂದಿಗೆ ಬರೆದ ಹಾಳೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿ, ಸೈಟಿನ ನೋಟ್‌ಬುಕ್ಕನ್ನೂ ಅದರ ಜೊತೆಗೇ ಇಡಿ.